ಬಾಳಿದ ತಿಂಗಳುಗಳ ತೆರಿಗೆ

ಪಾರ್ಮಾ, ಒಹಾಯೋ
೧೯ ಅಕ್ಟೋಬರ್ ೨೦೨೩, ಗುರುವಾರ

ಪ್ರೀತಿಯ ರೆನಾಟಾ,

ನೀನು ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ಬರೆಯಲು ನನಗೆ ಮೂರು ವಾರ ಹಿಡಿಯಿತು. ಬೇಸರ ಮಾಡಿಕೊಳ್ಳಬೇಡ. ಅವತ್ತು ಸೂಪು ಉಕ್ಕುತ್ತಿದೆ ಎಂದು ಹೇಳಿ ಫೋನು ಇಟ್ಟೆನಲ್ಲ, ಒಲೆಯ ಮೇಲೆ ಏನೂ ಇರಲಿಲ್ಲ. ನೀನೂ ಅಳಿಯ ಕ್ರೇಗನೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ಟೂಸಾನ್‌ನಲ್ಲಿ ಇನ್ನೂ ಬಿಸಿಲು ಕಾಯುತ್ತಿರಬಹುದು, ಇಲ್ಲಿ ಆಗಲೇ ಹೀಟರ್ ಹಾಕಿಯಾಯಿತು. ನನ್ನ ಮಂಡಿ ಇದ್ದ ಹಾಗೇ ಇದೆ. ಅದರ ಮಾತು ಬಿಡು.

ಮೊದಲು ಸುದ್ದಿ. ಸೋಮವಾರ ಮನೆ ನನ್ನದಾಯಿತು. ಅರವತ್ತಾರನೆಯ ವಯಸ್ಸಿನಲ್ಲಿ, ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸೌಟು ಹಿಡಿದ ಇದೇ ಕೈಯಿಂದ ಸಹಿ ಹಾಕಿದೆ. ಎರಡು ಕೋಣೆ, ಇಟ್ಟಿಗೆಯ ಮುಂಭಾಗ, ಹಿತ್ತಿಲಲ್ಲಿ ಸೊಟ್ಟ ಬೆಳೆದ ಒಂದು ಪೇರ್ ಮರ. ಹದಿನಾರು ವರ್ಷ ಬಾಡಿಗೆ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆಯಲು ಅಪ್ಪಣೆ ಕೇಳಿದವಳು ನಾನು. ಮಂಗಳವಾರ ಬೆಳಿಗ್ಗೆ ಎದ್ದವಳೇ ಒಂಬತ್ತು ಮೊಳೆ ಹೊಡೆದೆ. ತೂಗುಹಾಕುವುದಕ್ಕೆ ಮೂರು ಚಿತ್ರ ಮಾತ್ರ ಇದ್ದವು.

ಈಗ ನಿನ್ನ ಪ್ರಶ್ನೆ. ನೀನು ಕೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಅಮ್ಮಾ, ಈ ಕ್ಲೋಸಿಂಗ್ ಖರ್ಚು ಅಂದ್ರೆ ಏನು? ಎಸ್ಕ್ರೋ ಬೇಡ ಅಂದ್ರೆ ತಿಂಗಳಿಗೆ ನಾನೂರು ಡಾಲರ್ ಕಡಿಮೆ ಆಗತ್ತಂತೆ, ಬೇಡ ಅಂದ್ಬಿಡ್ಲಾ? ಹೇಗೂ ಅಪ್ಪನ ಥರ ತೆರಿಗೆ ದುಡ್ಡು ಕುಡಿಯೋರು ನಮ್ಮನೇಲಿ ಇಲ್ವಲ್ಲ."

ಬೇಡ ಎನ್ನಬೇಡ. ಇದೊಂದು ಮಾತಿಗಾಗಿಯೇ ಈ ಕಾಗದ ಎಂದು ತಿಳಿದುಕೋ. ನೀವು ಕೊಳ್ಳುವ ಮನೆಯ ಕಾಗದಗಳಿಗೆ ಸಹಿ ಹಾಕುವ ದಿನ, ನಿನ್ನ ಕ್ಲೋಸಿಂಗ್, ನವೆಂಬರ್ ಮೂರಕ್ಕೆ. ಅಷ್ಟರೊಳಗೆ ಇದು ನಿನ್ನ ಕೈಸೇರಬೇಕು.

ನನಗೆ ಸಾಲ ಕೊಡಿಸಿದವನ ಹೆಸರು ಡಾರಿಲ್. ಅವನಿಗೆ ಹಲ್ಲು ಬಹಳ, ಅಷ್ಟನ್ನೂ ತೋರಿಸಿ ನಗುತ್ತಾನೆ. ಮೊದಲ ದಿನವೇ ಒಂದು ಹಾಳೆಯನ್ನು ನನ್ನತ್ತ ತಳ್ಳಿ, ತಿಂಗಳಿಗೆ ಐನೂರ ಅರವತ್ತು ಕೊಟ್ಟರೆ ಸಾಕು ಎಂದ. ತೆರಿಗೆ, ವಿಮೆ ಇದರಲ್ಲಿವೆಯೇ ಎಂದು ಕೇಳಿದೆ. ಇಲ್ಲ, ಅದನ್ನು ನೀವು ಬಿಲ್ಲು ಬಂದಾಗ ಕಟ್ಟಿಕೊಳ್ಳಬಹುದು, ನಿಮ್ಮ ಸ್ವಂತ ಹಣ ಹೆಚ್ಚು ಹಾಕಿದ್ದೀರಿ, ನಿಮ್ಮಂಥವರಿಗೆ ಎಸ್ಕ್ರೋದಿಂದ ವಿನಾಯಿತಿ ಇದೆ ಎಂದ. ಏನೋ ಬಹುಮಾನ ಕೊಡುವವನ ಧಾಟಿಯಲ್ಲಿ.

"ಆ ಸಣ್ಣ ಸಂಖ್ಯೆ ನನಗೆ ಬೇಡಪ್ಪ," ಎಂದೆ. "ದೊಡ್ಡದು ತೋರಿಸು."

ದೊಡ್ಡದು ಒಂಬೈನೂರು. ತೆರಿಗೆ ತಿಂಗಳಿಗೆ ಇನ್ನೂರ ಐವತ್ತು, ವಿಮೆ ತೊಂಬತ್ತು. ಎಸ್ಕ್ರೋ ಎಂದರೆ ಇಷ್ಟೇ ಕಣೇ. ವರ್ಷದ ತೆರಿಗೆ, ವಿಮೆಯನ್ನು ಹನ್ನೆರಡು ಪಾಲು ಮಾಡಿ ಪ್ರತಿ ಕಂತಿನ ಜೊತೆ ತೆಗೆದಿಡುತ್ತಾರೆ, ಗಡುವು ಬಂದಾಗ ಅವರೇ ಕಟ್ಟುತ್ತಾರೆ. ಅದನ್ನು ಬೇಡ ಎಂದರೆ ತೆರಿಗೆ ಕಡಿಮೆಯಾಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ತಾನೇ ತಿಂಗಳು ತಿಂಗಳು ಎತ್ತಿಡುವ ಶಿಸ್ತಿನವರೂ ಇದ್ದಾರೆ. ನೀನು ಅಂಥವಳಲ್ಲ. ನನ್ನ ಮಗಳು ನೀನು, ನನಗೆ ಗೊತ್ತು.

ಇನ್ನು ಸೋಮವಾರದ ಕಥೆ ಕೇಳು. ನಾನು, ಮನೆ ಮಾರಿದ ಝೆಲಿಂಕಾ, ಹಕ್ಕುಪತ್ರದ ಕಚೇರಿಯ ಜೋಲೀನ್ ಎಂಬಾಕೆ, ಮೂವರೂ ಒಂದೇ ಮೇಜಿನ ಸುತ್ತ ಕೂತಿದ್ದೆವು. ಝೆಲಿಂಕಾ ಪ್ಲಂಬರ್, ಎಪ್ಪತ್ತರ ಆಸುಪಾಸು, ಮುಖ ಸದಾ ಗಂಟು. ನಾನು ಮನೆಯಿಂದ ಅಕ್ರೋಟಿನ ರೋಲ್ ಮಾಡಿಕೊಂಡು ಹೋಗಿದ್ದೆ. ಹೊಟ್ಟೆ ತುಂಬಿದವರು ಅವಸರ ಮಾಡುವುದಿಲ್ಲ ಎಂದು ಅಡುಗೆಮನೆಯಲ್ಲಿ ಕಲಿತಿದ್ದೇನೆ. ಜೋಲೀನ್ ಮೊಣಕೈ ಎತ್ತರದ ಕಾಗದದ ಕಟ್ಟನ್ನು ಇಟ್ಟು, ಸಹಿ ಮಾಡುವ ಜಾಗಕ್ಕೆಲ್ಲ ಹಳದಿ ಚೀಟಿ ಅಂಟಿಸಿದ್ದೇನೆ, ನಲವತ್ತು ನಿಮಿಷದ ಕೆಲಸ ಎಂದಳು. ನಾನು ಕನ್ನಡಕ ಹಾಕಿಕೊಂಡು ಮೊದಲ ಪುಟವನ್ನು ಗಟ್ಟಿಯಾಗಿ ಓದಲು ಶುರುಮಾಡಿದೆ.

"ಮೇಡಂ, ಇದೆಲ್ಲ ಮಾಮೂಲಿ ಕಾಗದ. ಯಾರೂ ಓದಲ್ಲ," ಎಂದಳು.

"ನಾನು ಓದ್ತೀನಮ್ಮಾ. ನೀನು ರೋಲ್ ತಿನ್ನು."

ಖರ್ಚಿನ ಪಟ್ಟಿ ಬಂತು. ಮನೆಯ ಬೆಲೆ ಕಟ್ಟಿದವನಿಗೆ, ಹಳೆಯ ಹಕ್ಕುಪತ್ರ ಹುಡುಕಿದವರಿಗೆ, ನಾಳೆ ಯಾರಾದರೂ ಈ ಮನೆ ನಮ್ಮದು ಎಂದು ಬಂದರೆ ಎಂದು ಅದಕ್ಕೊಂದು ವಿಮೆ, ನೋಂದಣಿಗೆ, ಸಾಲದ ಕಾಗದ ತಯಾರಿಸಿದ್ದಕ್ಕೆ. ಕ್ಲೋಸಿಂಗ್ ಖರ್ಚೆಂದರೆ ಇವೆಲ್ಲ. ಮನೆಯ ಬೆಲೆಯ ಮೇಲೆ ನಾಲ್ಕು ಸಾವಿರದ ಆರುನೂರು. ನ್ಯಾಯವಾದದ್ದನ್ನು ಕೊಟ್ಟೆ. ಕಾಗದ ಹೊತ್ತು ತಂದವರಿಗೆ ನಲವತ್ತೈದು ಡಾಲರ್ ಎಂದು ಒಂದು ಸಾಲಿತ್ತು. ಯಾರು ಹೊತ್ತು ತಂದರು ಎಂದು ಕೇಳಿದೆ. ಎಲ್ಲವೂ ಕಂಪ್ಯೂಟರಿನಲ್ಲೇ ಬಂದಿತ್ತು. ಜೋಲೀನ್ ತುಟಿ ಕಚ್ಚಿಕೊಂಡು ಆ ಸಾಲಿಗೆ ಗೆರೆ ಎಳೆದಳು. ಝೆಲಿಂಕಾ ಮೊದಲ ಸಲ ನಕ್ಕ. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಯಾಕೆಂದರೆ ಮುಂದಿನ ಸಾಲು ತೆರಿಗೆಯದು. ನಮ್ಮ ಕೌಂಟಿಯಲ್ಲಿ ಈ ವರ್ಷದ ತೆರಿಗೆಯನ್ನು ಮುಂದಿನ ವರ್ಷ ಕಟ್ಟುವುದು. ಜನವರಿಯಿಂದ ಅಕ್ಟೋಬರ್ ಹದಿನಾರರವರೆಗೆ ಆ ಮನೆಯಲ್ಲಿ ಬಾಳಿದವನು ಝೆಲಿಂಕಾ, ಬಿಲ್ಲು ಬರುವುದು ನನ್ನ ಹೆಸರಿಗೆ. ಹಾಗಾಗಿ ಅಷ್ಟು ತಿಂಗಳ ಪಾಲನ್ನು ಅವನು ನನಗೆ ಬಿಟ್ಟು ಹೋಗಬೇಕು. ಪಟ್ಟಿಯಲ್ಲಿ ಜುಲೈಯಿಂದ ಈಚಿನ ಪಾಲು ಮಾತ್ರ ಇತ್ತು. ಜುಲೈಯಲ್ಲಿ ಅವನು ತೆರಿಗೆ ಕಟ್ಟಿದ್ದನ್ನು ಕಂಡವರು ಅದು ಈ ವರ್ಷದ್ದೇ ಎಂದುಕೊಂಡಿದ್ದರು. ಅದು ಹೋದ ವರ್ಷದ್ದು. ಆರು ತಿಂಗಳು, ಸಾವಿರದ ಐನೂರು ಡಾಲರ್, ನನ್ನ ತಲೆಯ ಮೇಲೆ.

ಜೋಲೀನ್ ಲೆಕ್ಕ ನೋಡಿ ಕೆಂಪಾದಳು. ಈಗ ಸಹಿ ಹಾಕಿಬಿಡಿ, ಆಮೇಲೆ ಸರಿಮಾಡೋಣ ಎಂದಳು. ಡಾರಿಲ್‌ಗೆ ಫೋನು ಹೋಯಿತು. ಇಷ್ಟಕ್ಕೆ ತಡವಾದರೆ ಬಡ್ಡಿಯ ದರವೇ ಕೈತಪ್ಪೀತು ಎಂದು ಅವನು ಹೆದರಿಸಿದ. ನಾನು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ನಡುವೆ ಇಟ್ಟೆ. "ಆಮೇಲೆ ಅನ್ನೋದು ನನಗೆ ಗೊತ್ತಿರೋ ಊರು. ಅಲ್ಲಿಗೆ ಮತ್ತೆ ಹೋಗಲ್ಲ," ಎಂದೆ. ಕುರ್ಚಿ ಬಿಟ್ಟು ಏಳಲಿಲ್ಲ, ರೆನಾಟಾ.

ಝೆಲಿಂಕಾ ಸಿಡುಕಿದ. "ಮನೆ ಬಿಟ್ಟು ಹೋಗೋನು ನಾನು. ಮುಂದಿನ ವರ್ಷದ ಬಿಲ್ಲು ನಾನ್ಯಾಕೆ ಕಟ್ಲಿ?"

"ನೋಡಿ ಝೆಲಿಂಕಾ ಅವರೇ, ಊಟ ಮಾಡಿದ್ದು ನೀವು. ಬಿಲ್ಲು ತಡವಾಗಿ ಬಂತು ಅಂತ ನಿಮ್ಮ ಕುರ್ಚೀಲಿ ಆಮೇಲೆ ಕೂತೋರು ಕೊಡಬೇಕಾ? ಯಾರು ಬಾಳಿದ ತಿಂಗಳೋ ಅವರೇ ಕಟ್ಟಬೇಕು."

ಅವನು ಇನ್ನೊಂದು ತುಂಡು ರೋಲ್ ಬಾಯಿಗಿಟ್ಟು ನಿಧಾನವಾಗಿ ಅಗಿದ. ಕೊನೆಗೆ ಜೋಲೀನ್ ಕಡೆ ತಿರುಗಿ, "ಹಾಕಮ್ಮಾ, ಈಯಮ್ಮ ಹೇಳಿದ ಹಾಗೇ ಹಾಕು. ಮೂವತ್ತು ವರ್ಷದ ಹಿಂದೆ ನಾನೂ ಇಲ್ಲೇ ಎಲ್ಲೋ ಕೂತು ಓದದೇನೆ ಸೈನ್ ಹಾಕಿದ್ದೆ," ಎಂದ. ಹೊಸ ಪಟ್ಟಿ ಮಾಡಿ ಎಲ್ಲರ ಒಪ್ಪಿಗೆ ತರಿಸಲು ಒಂದು ಗಂಟೆ ಆಯಿತು. ಆ ಹೊತ್ತಿನಲ್ಲಿ ನಾನು ಹೊರಗಿನ ಮೊಗಸಾಲೆಗೆ ಹೋಗಿ ಒಬ್ಬರಿಗೆ ಫೋನು ಮಾಡಿದೆ. ಒಳಗೆ ಬಂದು ಉಳಿದ ಪುಟಗಳನ್ನೂ ಓದಿದೆ, ಆಮೇಲೆ ಸಹಿ ಹಾಕಿದೆ. ಡಾರಿಲ್ ಹೆದರಿಸಿದ ಬಡ್ಡಿಯ ದರ ಇದ್ದಲ್ಲೇ ಇತ್ತು.

ನೀನೂ ಹಾಗೇ ಮಾಡು. ಕಾಗದವನ್ನು ಮೂರು ದಿನ ಮೊದಲೇ ತರಿಸಿಕೋ, ಅದು ನಿನ್ನ ಹಕ್ಕು. ಯಾರು ಕೈಗಡಿಯಾರ ನೋಡಿಕೊಂಡರೂ ನೋಡಿಕೊಳ್ಳಲಿ. ಕ್ರೇಗ್ ನಾಚಿಕೊಂಡರೆ ಕಾರಿನಲ್ಲಿ ಕೂರಿಸು. ನಿನ್ನ ಮನೆಯ ಗೋಡೆಗಳು ನಿನ್ನವಾಗಿಯೇ ಉಳಿಯಲಿ, ಒಲೆ ಆರದಿರಲಿ, ಬಾಗಿಲಿಗೆ ಯಾರೂ ಎಂದೂ ನೋಟಿಸು ಅಂಟಿಸದಿರಲಿ. ದೇವರಲ್ಲಿ ಅಷ್ಟನ್ನೇ ಕೇಳಿಕೊಳ್ಳುತ್ತೇನೆ.

ನಿನ್ನ ಅಮ್ಮ,
ಬರ್ನಡೀನ್ ಕೋಸಿಕ್

ತಾ.ಕ. ಕಾಗದ ಮಡಿಸಿ ಲಕೋಟೆಗೆ ಹಾಕಿ, ಮತ್ತೆ ಹೊರಗೆ ತೆಗೆದೆ. ಝೆಲಿಂಕಾನಿಗೆ ಅಷ್ಟು ದೊಡ್ಡ ಮಾತು ಹೇಳಿದವಳು ನನ್ನ ಪಾಲನ್ನು ಕಟ್ಟದೆ ಇದ್ದರೆ ಆಗುವುದಿಲ್ಲ.

ಫ್ಲೀಟ್ ಅವೆನ್ಯೂ ಹತ್ತಿರದ ನಮ್ಮ ಹಳೆಯ ಮನೆಯ ತೆರಿಗೆಯ ಹಣವನ್ನು ನಿನ್ನ ಅಪ್ಪ ಕುಡಿಯಲಿಲ್ಲ. ಎಮಿಲ್ ಕುಡಿಯುತ್ತಿದ್ದುದು ಶುಕ್ರವಾರ ಮೀನೂಟದ ಜೊತೆ ಎರಡು ಬಿಯರ್. ೨೦೦೪ರಲ್ಲಿ ಹಳೆಯ ಸಾಲ ತೀರಿಸಿ ಹೊಸ ಸಾಲ ತಂದವಳು ನಾನು. ತಿಂಗಳಿಗೆ ನೂರ ಎಪ್ಪತ್ತು ಕಡಿಮೆ ಎಂದರು, ಹಿಗ್ಗಿದೆ. ಹಳೆಯ ಕಂತಿನಲ್ಲಿ ತೆರಿಗೆ, ವಿಮೆ ಇದ್ದವು, ಹೊಸದರಲ್ಲಿ ಇರಲಿಲ್ಲ. ಉಳಿದ ಹಣದಲ್ಲಿ ಆ ಬಿಳಿ ಒಲೆ ಕೊಂಡೆ, ನೆರೆಯವರಿಗೆಲ್ಲ ತೋರಿಸಿದೆ. ಸಹಿ ಹಾಕುವಾಗ ನಿನ್ನ ಅಪ್ಪ ಕೇಳಿದ್ದು ಒಂದೇ ಮಾತು, "ಓದಿದ್ಯಾ?" ಓದಿದೀನಿ ಎಂದೆ. ಒಂದು ಪುಟವನ್ನೂ ಓದಿರಲಿಲ್ಲ. ಬಂದ ತೆರಿಗೆಯ ಬಿಲ್ಲುಗಳನ್ನು ಅವನಿಗೆ ಕಾಣದ ಹಾಗೆ ಅದೇ ಒಲೆಯ ಕೆಳಗಿನ ಸೆಳೆಪೆಟ್ಟಿಗೆಯಲ್ಲಿ ಇಟ್ಟೆ.

ತೆರಿಗೆಯ ಬಾಕಿಗೆ ಮನೆ ಹರಾಜು ಎಂದು ಬಾಗಿಲಿಗೆ ನೋಟಿಸು ಅಂಟಿಸಿದ ದಿನ ನೀನು ಅವನ ಮುಖದ ಮೇಲೆಯೇ "ನೀನೇ ಕುಡಿದು ಹಾಳ್ಮಾಡಿದ್ದು" ಎಂದೆ. ನಿನಗಾಗ ಹದಿನೇಳು. ಅವನು ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಕೋಟು ಹಾಕಿಕೊಂಡು ಹೊರಗೆ ಹೋದ. ನಿನ್ನ ಮದುವೆಗೆ ನೀನು ಅವನನ್ನು ಕರೆಯಲಿಲ್ಲ. ಆಗಲೂ ನಾನು ಸುಮ್ಮನಿದ್ದೆ.

ಸೋಮವಾರ ಮೊಗಸಾಲೆಯಿಂದ ಫೋನು ಮಾಡಿದ್ದು ಅವನಿಗೇ. ಮನೆ ಕೊಳ್ಳುತ್ತಿದ್ದೇನೆ ಎಂದೆ. ಅವನು ಕೇಳಿದ: "ಓದಿದ್ಯಾ?"

"ಈ ಸಲ ಓದ್ತಿದೀನಿ, ಎಮಿಲ್. ಗಟ್ಟಿಯಾಗಿ."

"ಹಾಗಾದ್ರೆ ಹಾಕು ಸೈನ್."

ನನ್ನ ಮೇಲೆ ನಿನಗೆ ಎಷ್ಟು ಕೋಪ ಬರಬೇಕೋ ಅಷ್ಟೂ ಬರಲಿ, ಅದು ನನ್ನ ಬಿಲ್ಲು, ನಾನೇ ಕಟ್ಟುತ್ತೇನೆ. ಹದಿನಾರು ವರ್ಷ ಅವನು ಕಟ್ಟಿದ್ದು ಸಾಕು. ಅವನ ಫೋನ್ ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಕ್ಲೋಸಿಂಗಿಗೆ ಮೊದಲು ಮಾಡು.