ಬಾಗಿಲಾಚೆಯ ನಡಿಗೆ

ಗುರುವಾರ, ಮಾರ್ಚ್ ೧೨

‘ರೋಗಿಯ ನಡಿಗೆಯನ್ನು ಪರೀಕ್ಷಿಸಲಿಲ್ಲ.’ ಇಷ್ಟು ವರ್ಷ ಫಿಸಿಯೊಥೆರಪಿ ಮಾಡಿದ ನನ್ನ ಬಗ್ಗೆ ಬರೆದ ಮಾತಿದು! ಲೈಸೆನ್ಸ್ ನವೀಕರಣಕ್ಕೆ ಮೊದಲು ನನ್ನ ಕೆಲಸ ನೋಡಲು ಬಂದು ಇದನ್ನು ಬರೆದವರು ನನ್ನದೇ ವೃತ್ತಿಯವರು. ಬೆಳಗಿನಿಂದ ಅವರು ನನ್ನ ಕೋಣೆಯ ಕುರ್ಚಿ ಬಿಟ್ಟು ಏಳಲಿಲ್ಲ.

ರೋಗಿಗಳನ್ನು ಕರೆಯಲು ನಾನು ಯಾರನ್ನೂ ಕಳಿಸುವುದಿಲ್ಲ, ಅವರು ನಡೆದು ಬರುವುದನ್ನು ನೋಡಲೆಂದೇ ನಾನೇ ಹೋಗುತ್ತೇನೆ. ಮೊಣಕಾಲು ನೋವಿನ ಅಜ್ಜಿ ಇವತ್ತು ಕಾರಿಡಾರಿನುದ್ದಕ್ಕೂ ಗೋಡೆ ಹಿಡಿದೇ ಬಂದರು. ಅದೇ ಅಜ್ಜಿ, ಕೋಣೆಯೊಳಗೆ ‘ನಡೀರಿ’ ಅಂದರೆ ಸಾಕು, ನೋವು ನುಂಗಿಕೊಂಡು ಕವಾಯತಿನ ಸಿಪಾಯಿಯ ಹಾಗೆ ನೆಟ್ಟಗೆ ನಡೆಯುತ್ತಾರೆ.

“ಹೊರಗೇ ನೋಡಿದೆ ಸರ್,” ಅಂದೆ.

“ನನ್ನ ಕಣ್ಣಿಗೆ ಬೀಳ್ಲಿಲ್ವಲ್ಲ ಮೇಡಂ. ಕಾಣದ್ದಕ್ಕೆ ಹೇಗೆ ಅಂಕ ಕೊಡ್ಲಿ?”

ಮನೆಗೆ ಬಂದರೆ ಯಜಮಾನರದೂ ಅದೇ ರಾಗ. “ನಾಳೆ ಅವರೆದುರಿಗೇ ಒಂದ್ಸಲ ನಡೆಸಿಬಿಡು. ನಿನ್ನ ಗಂಟೇನು ಹೋಗುತ್ತೆ?”

ನನ್ನ ಗಂಟು ಹೋಗುವುದಿಲ್ಲ, ನಿಜ. ಹೋಗುವುದು ಅಜ್ಜಿಯ ಮೊಣಕಾಲು. ನಾಟಕ ನೋಡಿ ವ್ಯಾಯಾಮ ಹೇಳಿಕೊಡುವವಳು ನಾನಲ್ಲ.

ಆ ಸರ್ ನಾಳೆಯೂ ಬರುತ್ತಾರಂತೆ. ಬರಲಿ. ಸಂಜೆ ಹೊರಡುವ ಮೊದಲೇ ಆ ಕುರ್ಚಿಯನ್ನು ಎತ್ತಿ ಕಾರಿಡಾರಿನಲ್ಲಿಟ್ಟು ಬಂದಿದ್ದೇನೆ. ಕೂರುವುದಾದರೆ ಅಲ್ಲಿ ಕೂರಲಿ.