ಆಯೇರಿಯ ಸ್ಟೇರಿಂಗು

ಸೇಡಂ
ಭಾನುವಾರ, ೧೭ ನವೆಂಬರ್ ೨೦೨೪

ಸೌ. ಚಂದ್ರಕಲಾಗೆ,

ಸೇಡಂನಲ್ಲಿ ಕುಳಿತು ಸೇಡು ಕಾಯಿಸುತ್ತಿರುವ ನಿನ್ನ ಗಂಡ ಚೌಡೇಶನ ನಮಸ್ಕಾರ. ನೀನು ಫೋನ್ ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ. ಕಾಗದವಾದರೆ ಹರಿದು ಹಾಕುವ ಸುಖವಾದರೂ ಇರುತ್ತದೆ ಎಂದು ಬರೆಯುತ್ತಿದ್ದೇನೆ. ಓದಿ ಹರಿ.

ಮೊದಲು ತಪ್ಪೊಪ್ಪಿಗೆ. ಕಾಲೇಜಿನಲ್ಲಿ ಹುಡುಗರಿಗೆ ಛಂದಸ್ಸನ್ನೂ ನೀತಿಯನ್ನೂ ಒಂದೇ ಸಂಬಳದಲ್ಲಿ ಕಲಿಸುವ ನಾನು, ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಮೊನ್ನೆ ವಾಡಿಯಲ್ಲಿ ಒಂದು ಅಪರಾಧ ಮಾಡಿದೆ. ನಮ್ಮ ಹೊಸ ಮನೆಯ ಶಾಂತಿಗೆ ಬಂಧುಗಳು ಅರಿಷಿಣ ದಾರ ಕಟ್ಟಿ, ಕುಂಕುಮ ಹಚ್ಚಿ ಉಡುಗೊರೆಯಾಗಿ ಕೊಟ್ಟ ಆಯೇರಿಯನ್ನು ಗುಜರಿಯವನ ತಕ್ಕಡಿಗೆ ಹಾಕಿದೆ. ನಿನ್ನ ತಮ್ಮ ದತ್ತು ಕೊಟ್ಟ ಪಂಪು, ನನ್ನ ಸೋದರಮಾವ ಸಾಯಬಣ್ಣ ಆಡಕಿಯಿಂದ ಹೆಗಲ ಮೇಲೆ ತಂದ ಸ್ಟೇರಿಂಗ್ ಬಾಕ್ಸು, ನಿಮ್ಮವ್ವ ಹೀರಾಬಾಯಿಯವರು ಸೆರಗಿನಲ್ಲಿ ಸುತ್ತಿ ತಂದ ಪೈಪು, ಮೂರೂ ಹೋದವು. ಕೊಟ್ಟ ಆಯೇರಿಯನ್ನು ತಿರುಗಿ ಕೊಡಬಾರದಂತೆ. ನಾನೆಲ್ಲಿ ಕೊಟ್ಟೆ? ಮಾರಿದೆ. ಪಶ್ಚಾತ್ತಾಪ ಇಲ್ಲ. ಮನೆ ಶಾಂತಿಯಾದ ಮೇಲೆ ನನಗೆ ಸಿಕ್ಕ ಮೊದಲ ಶಾಂತಿ ಎಂದರೆ ಆ ತಕ್ಕಡಿಯ ಸದ್ದು.

ನೀನು ಹುಬ್ಬು ಗಂಟು ಹಾಕಿದ್ದು ಇಲ್ಲಿಗೇ ಕಾಣುತ್ತಿದೆ. ಹಾಕು. ನನಗೂ ಸಿಟ್ಟು ಬಂದಿದೆ, ಅದೂ ಸಣ್ಣಪುಟ್ಟದ್ದಲ್ಲ.

ನಿಮ್ಮಪ್ಪ ಕಾಶಪ್ಪನವರ ಪಿಕಪ್ಪು ನನ್ನ ಓರಗೆಯದು. ಆದರೆ ನನಗಿಂತ ಕಡಿಮೆ ಕೆಮ್ಮುತ್ತದೆ. ಅವರು ಶಹಾಬಾದಿನ ಫರಸಿ ಕಲ್ಲು ಹೇರಿಕೊಂಡು ಚಿಂಚೋಳಿಯವರೆಗೆ ಓಡಿಸಿದ ಗಾಡಿ ಅದು. ಬಾಗಿಲ ಮೇಲೆ ‘ಕಾಶಪ್ಪ ಮತ್ತು ಮಗಳು’ ಎಂದು ಬರೆಸಿ ತೀರಿಕೊಂಡರು. ಅವರ ನಂತರ ಅದರ ಸ್ಟೇರಿಂಗ್ ಹಿಡಿದವಳು ನೀನೇ. ಮಗನಿರುವಾಗ ಮಗಳ ಹೆಸರು ಬರೆಸಿದ್ದು ದತ್ತುವಿನ ಹೊಟ್ಟೆಯಲ್ಲಿ ಇನ್ನೂ ಕರಗಿಲ್ಲ. ಹೋದ ಬೇಸಿಗೆಯಲ್ಲಿ ಇಳಿಸುವಾಗ ಒಂದು ಹಾಸುಗಲ್ಲು ಜಾರಿ ನಿನ್ನ ಎಡಭುಜದ ಮೇಲೆ ಬಿತ್ತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ಹೇರಿದ ಗಾಡಿಯ ಸ್ಟೇರಿಂಗ್ ಇನ್ನು ಎಳೆಯುವಂತಿಲ್ಲ ಎಂದರು ಡಾಕ್ಟರು. ಮೂಳೆ ಮುರಿದಾಗ ಅಳದವಳು ಆ ಮಾತಿಗೆ ಅತ್ತೆ.

ಆಗಲೇ ದತ್ತುವಿಗೆ ಅಕ್ಕನ ಮೇಲೆ ಪ್ರೀತಿ ಉಕ್ಕಿದ್ದು. “ಮನಿ ಶಾಂತಿಗಿ ಸೀರಿ ಯಾಕ ಭಾವ? ಎಲ್ಲಾರೂ ಕೂಡಿ ಅಕ್ಕನ ಗಾಡಿಗಿ ಪವರ್ ಸ್ಟೇರಿಂಗ್ ಆಯೇರಿ ಮಾಡ್ತೀವ್” ಎಂದ. ಒಳ್ಳೆಯ ಯೋಚನೆ. ನಾನೇ ಬೆನ್ನು ತಟ್ಟಿದೆ. ಆದರೆ ನಮ್ಮ ಜನರ ಮರ್ಯಾದೆ ಗೊತ್ತಲ್ಲ ನಿನಗೆ. ಬೀಗರು ಏನು ಕೊಡುತ್ತಾರೆ ಎಂದು ಕೇಳುವುದು ಸಣ್ಣತನ. ಕೇಳದೆಯೇ ಅವರಿಗಿಂತ ದೊಡ್ಡದನ್ನು ಕೊಡುವುದು ದೊಡ್ಡತನ. ಹಾಗಾಗಿ ಯಾರೂ ಯಾರನ್ನೂ ಕೇಳಲಿಲ್ಲ. ದತ್ತು ತಂದದ್ದು ಹದಿನಾರು ಟನ್ ಲಾರಿಯ ಪಂಪು. ಸಾಯಬಣ್ಣ ಮಾವ ತಂದದ್ದು ಯಾವುದೋ ಜೀಪಿನ ಬಾಕ್ಸು. ನಿಮ್ಮವ್ವ ಚಿತ್ತಾಪುರದ ಅಂಗಡಿಯಲ್ಲಿ ಸೀರೆ ಆರಿಸಿದಂತೆ ಮುಟ್ಟಿ, ಎಳೆದು, “ಉದ್ದಂದು ಕೊಡಪ್ಪ, ಬಾಳಿಕಿ ಬರ್ಬೇಕು” ಎಂದು ಟ್ರ್ಯಾಕ್ಟರಿನ ಪೈಪು ತಂದರು. ಮೂರಕ್ಕೂ ಜಾತಕ ನೋಡಿದವರಿಲ್ಲ. ನಮ್ಮ ಮದುವೆಗೆ ಮೂರು ಜನ ನೋಡಿದ್ದರು, ಅದರ ಫಲಿತಾಂಶವೂ ಈಗ ಚಿತ್ತಾಪುರದ ತವರಿನಲ್ಲಿ ಕುಳಿತಿದೆ ಅನ್ನು.

ಮುಂದಿನದು ನಿನಗೇ ಗೊತ್ತು, ಆದರೂ ಬರೆಯುತ್ತೇನೆ, ಯಾಕೆಂದರೆ ಅವತ್ತು ಯಾರೂ ಸರಿಯಾಗಿ ಹೇಳಲಿಲ್ಲ. ನೀನು ಫರಸಿ ಹೇರಿಕೊಂಡು ಶಹಾಬಾದಿನಿಂದ ವಾಡಿಗೆ ಬಂದು ಎಡಕ್ಕೆ ಹೊರಳಿಸಿದೆ. ಲಾರಿಯ ಪಂಪು ಲಾರಿಯ ಜೋರಿನಲ್ಲಿ ಎಣ್ಣೆ ನೂಕಿತು. ಟ್ರ್ಯಾಕ್ಟರಿನ ಪೈಪು ಬಾಯಿ ಬಿಟ್ಟಿತು. ಎಣ್ಣೆಯೆಲ್ಲ ರಸ್ತೆಗೆ ಹೋಗಿ ಜೀಪಿನ ಬಾಕ್ಸು ಬಂಡೆಯಾಯಿತು. ನೀನು ಬ್ರೇಕಿನ ಮೇಲೆ ನಿಂತೇ ಬಿಟ್ಟೆ. ಆದರೂ ಆಯೇರಿಯ ಗಾಡಿ ಸುಂದರಮ್ಮನ ಚಹಾದಂಗಡಿಯ ಗೋಡೆ ಏರಿತು. ಹಾಲು ತರಲು ಆಕೆ ಒಳಗೆ ಹೋಗಿದ್ದಳು. ಹೋಗದಿದ್ದರೆ ನಾನಿವತ್ತು ಈ ಶ್ಲೇಷೆ ಮಾಡುತ್ತಿರಲಿಲ್ಲ.

ಆಮೇಲೆ ನಿಮ್ಮ ಮನೆಯ ಪಡಸಾಲೆಯಲ್ಲಿ ಪಂಚಾಯಿತಿ. ಸಾಯಬಣ್ಣ ಮಾವ ಮೀಸೆ ತಿರುವಿ, “ನಾ ಕೊಟ್ಟ ಬಾಕ್ಸು ಎತ್ತಿದ್ದಂಗ ಅದ. ಹೆಣ್ಮಗಳ ಕೈಯಾಗ ಕೊಟ್ರ ಅದರೆ ಏನ್ ಮಾಡ್ಬೇಕು?” ಎಂದರು. ದತ್ತು, “ಅಕ್ಕಗ ಕೈ ಬಗ್ಗವಲ್ದು. ಮಾರಿ ಬಿಡಮು. ಕುಂಚಾವರಂದಾಗ ಗಿರಾಕಿ ಅದಾನ” ಎಂದ. ಎಣ್ಣೆ ಇಳಿದರೆ ಬಿಗಿಯುವುದು ಸ್ಟೇರಿಂಗು, ಎಣ್ಣೆ ಏರಿದರೆ ಬಿಗಿಯುವುದು ದತ್ತುವಿನ ದನಿ. ಅವತ್ತು ಎರಡೂ ಬಿಗಿದಿದ್ದವು. ನೀನು ನನ್ನ ಕಡೆ ತಿರುಗಿ, “ನೀವರೆ ಹೇಳ್ರಿ” ಎಂದೆ.

ದಿನಕ್ಕೆ ನಾಲ್ಕು ತಾಸು ಮಾತಾಡಿ ಹೊಟ್ಟೆ ಹೊರೆಯುವ ನಾನು ಬಶಿಯಲ್ಲಿ ಚಹಾ ಸುರಿದುಕೊಂಡು, “ದೊಡ್ಡವರು ಹೇಳೋದ್ರಾಗ ಏನರೆ ಇರ್ತದ” ಎಂದೆ.

ಸಿಟ್ಟು ಯಾರ ಮೇಲೆ ಎಂದು ಇನ್ನು ಕೇಳಬೇಡ.

ಅಲ್ಲಿಂದ ಮೂರು ರಾತ್ರಿ ಗೋಡೆ ನೋಡಿ, ಬೆಳಗಿನ ಬಸ್ಸಿಗೆ ವಾಡಿಗೆ ಹೋದೆ. ಆಯೇರಿಯನ್ನು ಗಾಡಿಗೆ ಜೋಡಿಸಿದ್ದ ಮಜೀದಸಾಬನ ಗ್ಯಾರೇಜಿನಲ್ಲಿ ನಿನ್ನ ಗಾಡಿ ಮೂತಿ ಸೊಟ್ಟ ಮಾಡಿಕೊಂಡು ನಿಂತಿತ್ತು. ಈ ಮೂರು ಕೂಡಿದ್ದು ಹೇಗೆ ಎಂದು ಕೂಗಿದೆ. ಆತ ಕೈ ಒರೆಸಿಕೊಳ್ಳುತ್ತ ನೆಲ ನೋಡಿದ. “ಕೂಡಂಗಿಲ್ಲಂತ ನನಗ ಅವತ್ತೇ ಗೊತ್ತಿತ್ರಿ ಸರ್. ಅರಿಷಿಣ ಹಚ್ಚಿ ತಂದಾರ, ಬೀಗರ ಆಯೇರಿ. ನಿಮ್ಮ ಆಯೇರಿ ನಡೆಂಗಿಲ್ಲ ಅಂತ ನಾ ಹೆಂಗ ಅನ್ಲಿ? ಪೈಪಿನ ಬಾಯಿಗಿ ಬ್ಯಾರೆ ತಿರುಪಿನ ಚೂಡಿ ಹಾಕಿ, ಬಡದು, ಹೆಂಗೋ ಕೂಡ್ಸಿನ್ರಿ.” ಮರ್ಯಾದೆಗೆ ಬಡಿದು ಕೂಡಿಸಿದ್ದಂತೆ! ನನ್ನ ಬಾಯಿಂದ ಕನ್ನಡ ಉಪನ್ಯಾಸಕ ಆಡಬಾರದ ಕನ್ನಡ ಬಂತು. ಆದರೆ ಅದಕ್ಕಿಂತ ಮೊದಲೇ ಒಳಗಿನಿಂದ ಆತನ ಹೆಂಡತಿ ರಶೀದಾಬೇಗಂ ಲಟ್ಟಣಿಗೆ ಹಿಡಿದು ಬಂದಳು. “ಆ ಬೆಹನ್ ಸತ್ತಿದ್ರ ಮಯ್ಯತ್‌ಕ್ಕ ಏನ್ ಆಯೇರಿ ಒಯ್ತಿದ್ರಿ ನೀವೆಲ್ಲಾ? ಆಕಿಗಿ ಗಾಡಿ ಬರಂಗಿಲ್ಲ ಅಂತ ಊರೆಲ್ಲಾ ಅಂದಾಗ ಇಬ್ರೂ ಸುಮ್ಮ ಕುಂತ್ರಿ. ನಾಚಿಕಿ ಬರಲ್ಲೇನು?” ಇಬ್ಬರೂ ಎಂದರೆ ಒಬ್ಬ ಮಜೀದಸಾಬ. ಇನ್ನೊಬ್ಬನ ಹೆಸರು ಬರೆಯಲು ಪೆನ್ನು ಮುಂದೆ ಹೋಗುತ್ತಿಲ್ಲ.

ಆ ಮೂರರ ಸಂಬಂಧ ಮುರಿಯುವ ಕೆಲಸ ಅಲ್ಲಿಂದ ಶುರು: ಬಿಚ್ಚಿಸಿದ್ದೆಲ್ಲ ನೇರ ಗುಜರಿಯ ತಕ್ಕಡಿಗೆ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವವರ ಹಿತ್ತಲಲ್ಲಿ ನಿನ್ನ ಗಾಡಿಯದೇ ಅಕ್ಕತಂಗಿಯಂಥ ಒಂದು ಪಿಕಪ್ಪು ತುಕ್ಕು ಹಿಡಿದು ನಿಂತಿತ್ತು. ಅದಕ್ಕೆ ಕಂಪನಿಯೇ ಹಾಕಿದ ಪವರ್ ಸ್ಟೇರಿಂಗು ಇತ್ತು. ಪಂಪು, ಬಾಕ್ಸು, ಪೈಪು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಮಜೀದಸಾಬ ಬಿಚ್ಚಿ ತಂದು, ತೊಳೆದು, ಹೊಸ ಸೀಲು ಹಾಕಿ ಕೂಡಿಸಿದ. ಈ ಸಲ ಸುತ್ತಿಗೆ ಮುಟ್ಟಲಿಲ್ಲ. ದಾರ ಕಟ್ಟಲು ನಾನು ಯಾರಿಗೂ ಬಿಡಲಿಲ್ಲ. ಆಮೇಲೆ ತುಂಬ ಫರಸಿ ಹೇರಿ ಆತನೇ ಶಹಾಬಾದಿನವರೆಗೆ ಓಡಿಸಿ ಬಂದ. ಒಂದು ಹನಿ ಎಣ್ಣೆ ಸೋರಿಲ್ಲ.

ಈಗ ಕೇಳು. ನಿನ್ನ ಗಾಡಿಯನ್ನು ನಾನು ಓಡಿಸಿದೆ. ಹೌದು, ನಾನೇ, ನಗಬೇಡ. ಎರಡು ಸಂಜೆ ಕಲಿತೆ. ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ, ಕಿರುಬೆರಳಿನಲ್ಲಿ ತಿರುಗಿಸಿದೆ. ವಾಡಿಯ ಸಂದಿಗೊಂದಿಗಳಲ್ಲಿ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಫೋನ್ ಮಾಡಿ ಸಾಯಬಣ್ಣ ಮಾವನಿಗೆ ಹೇಳಿದೆ: ಬೋರ್ಡಿನ ಮೇಲೆ ಬರೆಯುವ ಖಡುವಿಗಿಂತ ಭಾರದ್ದನ್ನು ಎತ್ತದ ಈ ಕೈಗೆ ಗಾಡಿ ಬಗ್ಗಿದೆ ಎಂದರೆ ಕೆಟ್ಟದ್ದು ನಿಮ್ಮ ಆಯೇರಿ, ನನ್ನ ಹೆಂಡತಿಯ ಕೈಯಲ್ಲ. ಮಾವ, “ಚೌಡ್ಯಾ, ನಿನಗ ಬಾಯಿ ಯಾವಾಗ ಬಂತೋ?” ಎಂದರು. ತಡವಾಗಿ ಬಂತು ಎಂದೆ. ನಿಮ್ಮವ್ವನಿಗೂ ಅದನ್ನೇ ಹೇಳಿದೆ. ಗಾಡಿಯ ಕಾಗದ ಇನ್ನೂ ನಿಮ್ಮಪ್ಪನ ಹೆಸರಲ್ಲಿದೆ, ನಿಮ್ಮವ್ವ ಹ್ಞೂಂ ಅನ್ನದೆ ಮಾರಾಟವಿಲ್ಲ. ಅವರೆಂದದ್ದು ಇಷ್ಟು: “ಗಾಡಿ ನೆಟ್ಟಗ ನಮ್ಮ ಅಂಗಳಕ್ಕ ಬಂದ್ರ ನಾ ಮಾರಂಗಿಲ್ಲ. ಬರ್ಲಿಲ್ಲಂದ್ರ ದತ್ತು ಹೇಳ್ದಂಗ.”

ದತ್ತು ಪಕ್ಕದಲ್ಲೇ ಇದ್ದ. ಫೋನ್ ಕಿತ್ತುಕೊಂಡು, “ಓಡಸ್ತೀರಂತಲ್ಲ ಭಾವ? ಬುಧವಾರ ಗಿರಾಕಿ ಬರ್ತಾನ. ಫರಸಿ ಹೇರ್ಕೊಂಡು ನೀವೇ ತರ್ರಿ ಮತ್ತ” ಎಂದ. ತರುತ್ತೇನೆ ಎಂದೆ. ಅಪ್ಪನಾಣೆ, ಅಷ್ಟು ಗಟ್ಟಿಯಾಗಿ ನಾನು ಪಾಠವನ್ನೂ ಮಾಡಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನನಗೆ ನಿನ್ನ ಮೇಲೆ ಸಿಟ್ಟಿದೆ. ಆ ಪಡಸಾಲೆಯಲ್ಲಿ ನನ್ನ ತಲೆಯ ಮೇಲೆ ಬಶಿಯ ಚಹಾ ಸುರಿಯಬೇಕಿತ್ತು. ನೀನು ಎದ್ದು ಒಳಗೆ ಹೋದೆ. ಗೋಡೆ ಏರಿದ್ದು ಯಂತ್ರದ ತಪ್ಪು, ನಿನ್ನದಲ್ಲ. ಬುಧವಾರ ಅದೇ ಪಡಸಾಲೆಯಲ್ಲಿ, ಅದೇ ಜನರ ಮುಂದೆ, ಚಹಾ ಮುಟ್ಟದೆ ಹೇಳುತ್ತೇನೆ. ಆಮೇಲೆ ಬರುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ.

ಈ ಕಾಗದವನ್ನು ಬಸ್ಸಿನ ಕಂಡಕ್ಟರ್ ಮತೀನನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನಗೇ ಕೊಡುತ್ತಾನೆ, ದತ್ತುವಿಗಲ್ಲ.

ನಿನ್ನವನೇ, ಸಿಟ್ಟಿನಲ್ಲೇ,
ಚೌಡೇಶ

ತಾ.ಕ.: ಕಿರುಬೆರಳಿನಲ್ಲಿ ತಿರುಗಿಸಿದ್ದು ಸುಳ್ಳಲ್ಲ. ಆದರೆ ಆಗ ಗಾಡಿ ಜಾಕ್ ಮೇಲಿತ್ತು. ಹೊಸ ಪೈಪಿನೊಳಗಿನ ಗಾಳಿ ಹೋಗಲಿ ಎಂದು ಮುಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ, ಎಡಕ್ಕೂ ಬಲಕ್ಕೂ ತಿರುಗಿಸುತ್ತ ಕೂಡಲು ಮಜೀದಸಾಬ ನನ್ನನ್ನು ಕೂಡಿಸಿದ್ದ. ವಾಡಿಯ ಸಂದಿಗೊಂದಿಗಳಲ್ಲಿ ಹೋದದ್ದು ನಾನು, ಕಾಲ್ನಡಿಗೆಯಲ್ಲಿ, ಬಸ್ ಸ್ಟ್ಯಾಂಡಿಗೆ. ಎರಡು ಸಂಜೆ ಕಲಿತದ್ದು ನಿಜ: ಮೊದಲ ಸಂಜೆ ಕ್ಲಚ್ಚು ಯಾವುದೆಂದು ಕಲಿತೆ, ಎರಡನೇ ಸಂಜೆ ಅದು ಬ್ರೇಕು ಎಂದು ಗೊತ್ತಾಯಿತು. ರಶೀದಾಬೇಗಂಳ ಎರಡು ಕೋಳಿ ಇನ್ನೂ ಗೂಡಿಗೆ ಬಂದಿಲ್ಲ. ಮಂಗಳವಾರ ಸಂಜೆಯೊಳಗೆ ವಾಡಿಗೆ ಬಾ. ಚಾವಿ ಆಕೆಯ ಹತ್ತಿರ ಇದೆ, ನನಗೆ ಕೊಡುವುದಿಲ್ಲವಂತೆ. ನೀನು ಓಡಿಸು, ನಾನು ಪಕ್ಕದಲ್ಲಿ ಕೂತು ಬರುತ್ತೇನೆ, ಎಲ್ಲರೂ ನೋಡಲಿ.