ಮರಳಿನೊಳಗಿನ ಮಾತು

ಚಿದ್ರಿಯ ಅಕ್ಕನಿಗೆ ಶರಣು.

ಕಾಂಗೋ ನದಿಯ ಆಳ ಅಳೆಯುವ ಕೆಲಸ ನಡೆದಿದೆ. ಮೊನ್ನೆ ನದಿಯ ನಡುವಿನ ಮರಳುದಿಬ್ಬದಲ್ಲಿ ಡೇರೆ ಹಾಕಲು ಹೊರಟಾಗ ಕಾಲಡಿಯಿಂದ ಪಿಸುಮಾತು ಕೇಳಿಸಿತು. ಸಮತಟ್ಟಾದ ಮರಳಿನ ತುಂಬ ಬಿಲಗಳು. ಒಂದರಿಂದ ಕೆಂಪು ಕಣ್ಣಿನ ಕಪ್ಪು ಹಕ್ಕಿ ಹೊರಬಂತು. ಕವಲುತೋಕೆಯ ಬಳಗದ್ದು, ನೆಲದೊಳಗೇ ಮರಿ ಮಾಡುತ್ತದಂತೆ.

ಅಡುಗೆಯ ಅಮರನಾಥ, ನಮ್ಮ ಔರಾದದವನು, ಅದನ್ನು ನಂಬಲಿಲ್ಲ. “ಎಲ್ಲಿ ಹಕ್ಕಿ ತಂದ್ರಿ ಸಾಹೇಬ್ರ! ಮಣ್ಣಾದವ್ರು ಮಾತಾಡ್ಲಿಕತ್ತಾರ. ಸಮಾಧಿ ಮ್ಯಾಲ ನಾ ಒಲಿ ಹಚ್ಚಂಗಿಲ್ಲ ನೋಡ್ರಿ,” ಎಂದು ಬಿಲಗಳ ಬಾಯಿಗೆ ವಿಭೂತಿ ಉದುರಿಸಿ, ಪಾತ್ರೆ ಹೊತ್ತು ದಂಡೆಗೆ ಹೋಗಲು ದೋಣಿ ಹತ್ತಿದ. ಊಟ ಬೇಕಲ್ಲ, ನಾವೂ ನಗುತ್ತ ಡೇರೆ ಎತ್ತಿಕೊಂಡು ಅವನ ಹಿಂದೆ ಹತ್ತಿದೆವು.

ಬೆಳಿಗ್ಗೆ ಎದ್ದರೆ ದಿಬ್ಬವೇ ಇರಲಿಲ್ಲ. ಹೊಳೆ ಏರಿತ್ತು. ದಿಬ್ಬವಿದ್ದ ಕಡೆ, ಬರೀ ನೀರಿನ ಮೇಲೆ, ಆ ಹಕ್ಕಿಗಳೆಲ್ಲ ಸದ್ದಿಲ್ಲದೆ ಸುತ್ತುತ್ತಿದ್ದವು.

ನನ್ನ ಜ್ವರ ಇಳಿದಿದೆ, ಗುಳಿಗೆ ಸಾಕಷ್ಟಿವೆ. ಡೇರೆಯ ಸಂಗತಿ ಅವ್ವನಿಗೆ ಹೇಳಬೇಡ. ನಿನ್ನೆ ಹೊಸ ಜಾಗದಲ್ಲಿ ಮಲಗುವ ಮುಂಚೆ ನಾನೂ ನೆಲಕ್ಕೆ ಕಿವಿ ಹಚ್ಚಿದೆ. ಏನೂ ಕೇಳಿಸಲಿಲ್ಲ. ನಿದ್ದೆ ಬರಲಿಲ್ಲ.

ಟಪಾಲಿನ ದೋಣಿ ಹೊರಟಿದೆ.
ನಿನ್ನ ತಮ್ಮ,
ಶಿವಶರಣ